ಸ್ಟೋರಿ ಪಾಯಿಂಟ್ ಕಡಿಮೆ ಅಂತ ಪ್ರಮೋಷನ್ ತಡೆದರೆ

ಸ್ಟೋರಿ ಪಾಯಿಂಟ್ (ಸಾಫ್ಟ್‌ವೇರ್ ಟೀಮ್‌ನಲ್ಲಿ ಒಂದೊಂದು ಕೆಲಸ ಎಷ್ಟು ದೊಡ್ಡದು ಅಂತ ಅಂದಾಜಿಗೆ ಕೊಡುವ ಅಂಕ) ಕಡಿಮೆ ಬಂತು ಅಂತ ಪ್ರಮೋಷನ್ ತಡೆದಿದ್ದಾರೆ, ಬೇರೆಯವರ ಕೋಡ್ ರಿವ್ಯೂ ಮಾಡಿದರೆ, ಅಂದರೆ ಅವರು ಬರೆದ ಕೋಡ್ ಓದಿ ತಪ್ಪು ಹಿಡಿದರೆ, ಪಾಯಿಂಟ್ ಸಿಗುವುದಿಲ್ಲ, ಹಾಗಾಗಿ ಇನ್ನು ಮೇಲೆ ಅದನ್ನು ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಮುಂದಿನ ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಕೆಲಸದ ಅವಧಿ) ಎಷ್ಟು ಕೆಲಸ ಹಿಡಿಸುತ್ತದೆ ಅಂತ ಇಡೀ ಟೀಮ್ ಅಂದಾಜು ಮಾಡುವುದಕ್ಕೆ ಇರುವುದು ಪಾಯಿಂಟ್. ಹೀಗೆ ಸ್ಪ್ರಿಂಟ್ ಲೆಕ್ಕದಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿ, 2020ರ ಸ್ಕ್ರಮ್ ಗೈಡ್ ತೆಗೆದು ನೋಡಿ, ಸ್ಟೋರಿ ಪಾಯಿಂಟ್ ಅನ್ನುವ ಮಾತೇ ಅದರಲ್ಲಿ ಇಲ್ಲ! ಪಾಯಿಂಟ್ ನೋಡಿ ಸಂಬಳ ಏರಿಸಲು ಶುರು ಮಾಡಿದರೆ 3 ಇದ್ದದ್ದನ್ನು ಎಲ್ಲರೂ 5 ಅನ್ನುತ್ತಾರೆ, ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಟೀಮ್ ಮುಗಿಸಿದ ಒಟ್ಟು ಪಾಯಿಂಟ್) ಏರುತ್ತದೆ, ಕೆಲಸ ಮಾತ್ರ ಅಷ್ಟೇ ಇರುತ್ತದೆ.

ಆದರೆ ಇದನ್ನೆಲ್ಲ ಮ್ಯಾನೇಜರ್ ಹತ್ತಿರ ವಾದ ಮಾಡಿ ಗೆಲ್ಲುವುದು ಕಷ್ಟ, ಸುಮ್ನೆ ಮನಸ್ತಾಪ ಆಗುತ್ತದೆ. ಅದರ ಬದಲು ರಿವ್ಯೂನಲ್ಲಿ ನೀವು ಹಿಡಿದ ದೊಡ್ಡ ಬಗ್‌ಗಳು, ಹೊಸಬರಿಗೆ ಹೇಳಿಕೊಟ್ಟಿದ್ದು, ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಮ್) ಕೈಕೊಟ್ಟಾಗ ನೀವು ಸರಿಮಾಡಿದ್ದು, ಇವನ್ನೆಲ್ಲ ಆಯಾ ವಾರವೇ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆ) ಲಿಂಕ್ ಸಮೇತ ಬರೆದಿಡಿ, ಯಾಕಂದ್ರೆ ಅಪ್ರೈಸಲ್ ಫಾರ್ಮ್ ತುಂಬಲು ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ದೊಡ್ಡ ರಿವ್ಯೂ ಇದ್ದರೆ ಟೀಮ್ ಕೆಲಸಗಳನ್ನು ಪಟ್ಟಿ ಮಾಡುವ ಬೋರ್ಡ್‌ನಲ್ಲಿ ಅದಕ್ಕೂ ಒಂದು ಟಿಕೆಟ್ ಹಾಕಿ. ಮ್ಯಾನೇಜರ್ ಜೊತೆ ಒಬ್ಬರೇ ಮಾತಾಡುವ ಒನ್ ಆನ್ ಒನ್‌ನಲ್ಲಿ ನೇರವಾಗಿ ಕೇಳಿ, ಸೀನಿಯರ್ ಆಗಬೇಕಾದರೆ ನಾನು ಇನ್ನೇನು ಮಾಡಿ ತೋರಿಸಬೇಕು ಅಂತ. ಅವರು ಹೇಳಿದ್ದನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿ. ಮುಂದಿನ ಅಪ್ರೈಸಲ್‌ನಲ್ಲೂ ಪಾಯಿಂಟ್ ಜಾಸ್ತಿ ಮಾಡಿ ಅಂತಲೇ ಹೇಳಿದರೆ, ಬೇರೆ ಟೀಮ್ ಹುಡುಕಿಕೊಳ್ಳಿ.