ಸೂತ್ರದಲ್ಲಿ 40 ಬರುತ್ತೆ, ಪುಸ್ತಕದಲ್ಲಿ ಉತ್ತರ 30 ಇದೆ. ಯಾವುದು ಸರಿ?

ನಿಮ್ಮ ಲೆಕ್ಕ ಇದು: 2 ಮೋಲಾರ್ ಉಪ್ಪಿನ ದ್ರಾವಣ 10 ಮಿ.ಲೀ. ಇದೆ, ಅದನ್ನು 0.5 ಮೋಲಾರ್ ಮಾಡಲು ಎಷ್ಟು ನೀರು ಸೇರಿಸಬೇಕು? ನಿಮಗೆ ಬಂದ 40 ತಪ್ಪಲ್ಲ. ಅದು ಕೊನೆಗೆ ಇರಬೇಕಾದ ಒಟ್ಟು ದ್ರಾವಣ. ಪುಸ್ತಕದ 30 ಹೊಸದಾಗಿ ಸುರಿಯುವ ನೀರು. ಕೇಳಿರುವುದು ನೀರನ್ನು, ಅದಕ್ಕೇ 30.

ಎಂ1ವಿ1 = ಎಂ2ವಿ2 (ಎಂ ಅಂದರೆ ಮೋಲಾರಿಟಿ, ವಿ ಅಂದರೆ ದ್ರಾವಣದ ಒಟ್ಟು ಅಳತೆ; 1 ಮೊದಲಿನದು, 2 ಕೊನೆಯದು) ಅಂತ ಸುಮ್ನೆ ಬಾಯಿಪಾಠ ಮಾಡಿದರೆ ಎಡವುವುದು ಇಲ್ಲೇ. ನಾನು ಮಕ್ಕಳಿಗೆ ಹೇಳಿಕೊಡುವಾಗ ಸೂತ್ರ ಪಕ್ಕಕ್ಕಿಟ್ಟು ಮೋಲ್ (ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಅಳತೆ) ಎಣಿಸಲು ಹೇಳುತ್ತೇನೆ. 2 ಮೋಲಾರ್ ಅಂದರೆ ಲೀಟರಿಗೆ 2 ಮೋಲ್, ಒಂದು ಮಿ.ಲೀ.ಗೆ 2 ಮಿಲಿಮೋಲ್. ಹತ್ತು ಮಿ.ಲೀ.ನಲ್ಲಿ 20 ಮಿಲಿಮೋಲ್. ನೀರು ಎಷ್ಟೇ ಸುರಿಯಿರಿ, ಆ 20 ಜಾಸ್ತಿಯೂ ಆಗುವುದಿಲ್ಲ, ಕಮ್ಮಿಯೂ ಆಗುವುದಿಲ್ಲ. ಮಿ.ಲೀ.ಗೆ 0.5 ಬರಬೇಕಾದರೆ ಅದು 40 ಮಿ.ಲೀ.ನಲ್ಲಿ ಹರಡಿರಬೇಕು. ಅದರಲ್ಲಿ 10 ಆಗಲೇ ಇದೆ ಅಲ್ವಾ? ಪೂರ್ತಿ 40 ನೀರು ಹಾಕಿಬಿಟ್ಟರೆ ಒಟ್ಟು 50 ಆಗಿ, 0.4 ಮೋಲಾರ್‌ಗೆ ಇಳಿಯುತ್ತದೆ.

ಲ್ಯಾಬಿನಲ್ಲಿ ಈ ಕಳೆಯುವ ಕೆಲಸವೇ ಇಲ್ಲ, ಒಟ್ಟು ಅಳತೆ ಮುಟ್ಟುವವರೆಗೆ ನೀರು ಏರಿಸಿದರಾಯಿತು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 250 ಮಿ.ಲೀ. ಬೇಕು ಅಂದುಕೊಳ್ಳಿ. ಅಂಗಡಿಯಿಂದ ಬರುವ ಸಾಂದ್ರ ಆಮ್ಲ ಸುಮಾರು 12 ಮೋಲಾರ್. ಲೆಕ್ಕ ಹಾಕಿದರೆ 2.08 ಮಿ.ಲೀ. ಸಾಕು. ಇಷ್ಟು ಚಿಕ್ಕ ಅಳತೆಯಲ್ಲಿ ಒಂದೆರಡು ಹನಿ ಆಚೀಚೆ ಆದರೂ ಉತ್ತರ ಕೆಡುತ್ತದೆ. ಅದಕ್ಕೆ ಎರಡು ಹಂತದಲ್ಲಿ ಮಾಡುವುದು ನನಗೆ ಇಷ್ಟ. ಮೊದಲು 20.8 ಮಿ.ಲೀ. ತೆಗೆದುಕೊಂಡು 250 ಮಿ.ಲೀ.ಗೆ ಏರಿಸಿದರೆ 1 ಮೋಲಾರ್. ಅದರಿಂದ ಪಿಪೆಟ್ಟಿನಲ್ಲಿ 25 ಮಿ.ಲೀ. ತೆಗೆದು ಮತ್ತೆ 250ಕ್ಕೆ ಏರಿಸಿದರೆ 0.1.

ಏರಿಸುವುದು ಹೀಗೆ: ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ (ಕತ್ತಿನಲ್ಲಿ ಅಳತೆಯ ಗೀಟಿರುವ ಗಾಜಿನ ಬುಡ್ಡಿ) ಮೊದಲು ಅರ್ಧದಷ್ಟು ಡಿಸ್ಟಿಲ್ಡ್ ವಾಟರ್, ಆಮೇಲೆ ನಿಧಾನವಾಗಿ ಆಮ್ಲ. ಆಮ್ಲದ ಮೇಲೆ ನೀರು ಸುರಿಯಲೇಬೇಡಿ, ಬಿಸಿಯಾಗಿ ಮುಖಕ್ಕೆ ಸಿಡಿಯಬಹುದು. ಸಲ್ಫ್ಯೂರಿಕ್ ಆದರಂತೂ ಇನ್ನೂ ಅಪಾಯ. ಆರಿದ ಮೇಲೆ ಕತ್ತಿನ ಗೀಟಿನ ಹತ್ತಿರದವರೆಗೆ ನೀರು ತುಂಬಿ, ಕೊನೆಯ ಹನಿಗಳನ್ನು ಡ್ರಾಪರಿನಲ್ಲಿ ಹಾಕಿ. ನೀರಿನ ಬಾಗಿದ ತಳ ಗೀಟಿಗೆ ಮುಟ್ಟಬೇಕು, ಕಣ್ಣು ಅದೇ ಮಟ್ಟದಲ್ಲಿರಬೇಕು. ನಂತರ ಮುಚ್ಚಳ ಹಾಕಿ ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸಿ.

ಬಾಟಲಿಯ ಮೇಲೆ ಎಂ ಬದಲು ಎನ್ ಅಂತ ಇದ್ದರೆ ಅದು ನಾರ್ಮಾಲಿಟಿ, ಅಂದರೆ ಆಮ್ಲ ಬಿಟ್ಟುಕೊಡಬಲ್ಲ ಹೈಡ್ರೋಜನ್ ಅಯಾನುಗಳ ಲೆಕ್ಕ. ಹೈಡ್ರೋಕ್ಲೋರಿಕ್‌ಗೆ ಎರಡೂ ಒಂದೇ. ಆದರೆ ಸಲ್ಫ್ಯೂರಿಕ್‌ನ ಒಂದು ಅಣು ಅಂಥ ಎರಡನ್ನು ಕೊಡುವುದರಿಂದ 18 ಮೋಲಾರ್ ಸಲ್ಫ್ಯೂರಿಕ್ ಸಾಮಾನ್ಯವಾಗಿ 36 ನಾರ್ಮಲ್. ಅದಕ್ಕೆ ಸೂತ್ರದ ಒಂದು ಕಡೆ ಎಂ, ಇನ್ನೊಂದು ಕಡೆ ಎನ್ ಹಾಕಿದರೆ ಉತ್ತರ ಸೀದಾ ಎರಡು ಪಟ್ಟು ತಪ್ಪುತ್ತದೆ.