ಓದುಗರ ಪ್ರಶ್ನೆ: ಬಾವಿಯ ಅಳತೆ, ಮನೆಯವರ ಮಾತು

ಪ್ರಶ್ನೆ: ಅಂತರ್ಜಲದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನೀರಿನ ಬಳಕೆಯ ಬಗ್ಗೆ ಜನರನ್ನೂ ಮಾತನಾಡಿಸಬೇಕು ಎಂದು ಮಾರ್ಗದರ್ಶಕರು ಹೇಳಿದ್ದಾರೆ. 30 ಹಳ್ಳಿ, ಊರಿಗೆ 20 ಮನೆ, ಒಟ್ಟು 600 ಮನೆಗಳ ಸಮೀಕ್ಷೆ ನಡೆಸುವ ಯೋಚನೆಯಿದೆ. ಜಲಮಟ್ಟ ಅಳೆಯುವ ಬಾವಿ ಊರಿಗೊಂದೇ. ಸಮಾಜವಿಜ್ಞಾನದ ವಿಧಾನಗಳನ್ನು ಯಾವ ಕ್ರಮದಲ್ಲಿ ಕಲಿಯಲಿ?

ಉತ್ತರ: ಪ್ರಶ್ನಾವಳಿ ಬರೆಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಮೊದಲು ಲೆಕ್ಕ ನೋಡಿ. ಬಾವಿ ಊರಿಗೊಂದೇ ಆದ್ದರಿಂದ ಜಲಮಟ್ಟದ ಮಟ್ಟಿಗೆ ನಿಮ್ಮ ಕೈಯಲ್ಲಿರುವುದು 30 ಊರುಗಳ ಅಂಕಿ ಮಾತ್ರ. ಮನೆಗಳನ್ನು ಎಷ್ಟು ಹೆಚ್ಚಿಸಿದರೂ ಅದು ಬೆಳೆಯುವುದಿಲ್ಲ. ಮನೆಗಳ ಕಡೆಯೂ 600ಕ್ಕೆ 600ರ ಬೆಲೆ ಸಿಗದು. ಒಂದೇ ಊರಿನವರ ಉತ್ತರಗಳು ಪರಸ್ಪರ ಹೋಲುತ್ತವೆ. ಆ ಹೋಲಿಕೆಯ ಗುಣಾಂಕ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರದೂ ಒಂದೇ ಉತ್ತರ) ಬರೀ 0.05 ಇದ್ದರೂ, ಅದನ್ನು ಊರಿನ 20 ಮನೆಗಳಿಗೆ ಒಂದು ಕಡಿಮೆ, ಅಂದರೆ 19ರಿಂದ ಗುಣಿಸಿ ಒಂದು ಕೂಡಿಸಿದರೆ 1 + 19 × 0.05 = 1.95. ಇದರಿಂದ 600ನ್ನು ಭಾಗಿಸಿದರೆ ಉಳಿಯುವುದು ಪರಸ್ಪರ ಹೋಲದ ಸುಮಾರು 308 ಮನೆಗಳ ಬೆಲೆ. ಅದೇ 600 ಮನೆಗಳನ್ನು 50 ಊರುಗಳಲ್ಲಿ 12ರಂತೆ ಹಂಚಿದರೆ ಸುಮಾರು 387 ಆಗುತ್ತದೆ, ಜಲಮಟ್ಟಕ್ಕೂ 50 ಊರು ಸಿಗುತ್ತವೆ. ಓಡಾಟ ಹೆಚ್ಚುತ್ತದೆ ನಿಜ, ಆದರೂ ನಮ್ಮ ಸಲಹೆ ಇದೇ. ನೊಬೆಲ್ ಪುರಸ್ಕೃತ ಸಮಾಜವಿಜ್ಞಾನಿ ಎಲಿನಾರ್ ಆಸ್ಟ್ರಂ 1992ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಅರಣ್ಯ ಅಧ್ಯಯನದಲ್ಲಿ ಒಂದೇ ಕಾಡಿನ ಮರಗಳನ್ನೂ ಆ ಕಾಡನ್ನು ಬಳಸುವ ಗುಂಪಿನ ನಿಯಮಗಳನ್ನೂ ಜೊತೆಯಾಗಿ ದಾಖಲಿಸುತ್ತಿದ್ದರು. ಎರಡೂ ಅಳತೆಗಳು ಒಂದೇ ಘಟಕಕ್ಕೆ (ಅಲ್ಲಿ ಕಾಡು, ನಿಮ್ಮಲ್ಲಿ ಊರು) ಸೇರಿದ್ದರಿಂದಲೇ ಅವನ್ನು ಹೋಲಿಸಲು ಸಾಧ್ಯವಾಯಿತು.

ಘಟಕ ನಿರ್ಧಾರವಾದ ಮೇಲೆ ಎಂಟು ಹತ್ತು ಮುಕ್ತ ಸಂದರ್ಶನ ಮಾಡಿ, ಧ್ವನಿಮುದ್ರಣವನ್ನು ನೀವೇ ಅಕ್ಷರಕ್ಕಿಳಿಸಿ. ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ; ಬೇಸರದ ಕೆಲಸ, ಆದರೆ ಜನ ಯಾವ ಪದ ಬಳಸುತ್ತಾರೆ ಎಂಬುದು ಕಿವಿಗೆ ಬೀಳುವುದು ಇಲ್ಲೇ. ಬಳಿಕ ನೀವೂ ಒಬ್ಬ ಸಮಾಜವಿಜ್ಞಾನಿಯೂ ಅದೇ ಪುಟಗಳನ್ನು ಬೇರೆಬೇರೆಯಾಗಿ ವಿಷಯವಾರು ವಿಂಗಡಿಸಿ ಹೋಲಿಸಿ. ಹೊಂದಾಣಿಕೆಯ ಕಪ್ಪಾ ಅಂಕ (ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಅಂಕ; 1 ಎಂದರೆ ಪೂರ್ಣ ಹೊಂದಾಣಿಕೆ) 0.6ಕ್ಕಿಂತ ಕೆಳಗಿದ್ದರೆ ವಿಂಗಡಣೆಯ ವ್ಯಾಖ್ಯೆಗಳೇ ಸಡಿಲವಾಗಿವೆ. ತಿದ್ದಿ ಮತ್ತೆ ಮಾಡಿ.

ಪ್ರಶ್ನಾವಳಿಯ ಸರದಿ ಈಗ. ‘ನೀರು ಸಾಕಾಗುತ್ತದೆಯೇ?’ ಎಂದು ಕೇಳಿದರೆ ಬರುವುದು ಅಭಿಪ್ರಾಯ. ‘ಕಳೆದ ವಾರ ಪಂಪ್ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಓಡಿತು?’ ಎಂದರೆ ಬಾವಿಯ ಅಂಕಿಯ ಪಕ್ಕದಲ್ಲಿಡುವಂಥ ಉತ್ತರ ಬರುತ್ತದೆ. ಸಮೀಕ್ಷೆಗೆ ಆರಿಸದ 15–20 ಮನೆಗಳಲ್ಲಿ ಮೊದಲು ಪರೀಕ್ಷಿಸಿ. ಸಂದರ್ಶನವೂ ಅಳತೆಯೂ ಒಂದೇ ಋತುವಿನಲ್ಲಿರಲಿ.

ಕಲಿಕೆ ಒಮ್ಮುಖವಾಗಬಾರದು. ಸಮಾಜವಿಜ್ಞಾನಿಯನ್ನು ಬಾವಿಯ ಬಳಿ ಕರೆದೊಯ್ದು ಟೇಪು ಇಳಿಸಲು ಕೊಡಿ. ಪಂಪ್ ನಿಲ್ಲಿಸಿದ ಕೂಡಲೇ ಅಳೆದರೆ ಮಟ್ಟ ನಿಜಕ್ಕಿಂತ ಕೆಳಗೆ ಕಾಣುತ್ತದೆ ಎಂದು ಕಣ್ಣಾರೆ ಕಂಡವರು, ‘ಪಂಪ್ ಯಾವಾಗ ನಿಲ್ಲಿಸಿದಿರಿ?’ ಎಂಬ ಪ್ರಶ್ನೆಯನ್ನು ಎಂದೂ ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ: ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಒಪ್ಪಿಗೆ ಮೊದಲ ಸಂದರ್ಶನಕ್ಕೂ ಮುಂಚೆ ಬೇಕು. ಬಾವಿಯ ನಿಖರ ಜಿಪಿಎಸ್ ಬಿಂದುವನ್ನು ಪ್ರಕಟಿಸುವುದು ನಿಮ್ಮ ಕ್ಷೇತ್ರದ ರೂಢಿಯಾಗಿರಬಹುದು. ಮನೆಯ ಉತ್ತರಗಳ ಜೊತೆ ಅದು ಹೊರಬಿದ್ದರೆ ಯಾರು ಏನು ಹೇಳಿದರೆಂದು ಊರಿಗೆಲ್ಲ ಗೊತ್ತಾಗುತ್ತದೆ.

ಪ್ರಶ್ನೆ: ನಿಸರ್ಗವಿಜ್ಞಾನ, ಸಮಾಜವಿಜ್ಞಾನ ಎರಡೂ ಕಡೆಯ ಸಂಶೋಧಕರಿಗೆ ಎರಡು ದಿನದ ಕಾರ್ಯಾಗಾರ ಏರ್ಪಡಿಸಿದ್ದೇವೆ. ಉಪನ್ಯಾಸಗಳು ಸಾಕೇ?

ಉತ್ತರ: ಸಾಲವು. ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಟೂಲ್‌ಬಾಕ್ಸ್’ ಕ್ರಮ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ‘ಸಂಶೋಧನೆಯಲ್ಲಿ ಮೌಲ್ಯಗಳಿಗೆ ಜಾಗವಿಲ್ಲ’ ಎಂಬಂಥ ಹೇಳಿಕೆಗಳಿಗೆ ಪ್ರತಿಯೊಬ್ಬರೂ 1ರಿಂದ 5ರವರೆಗೆ ಅಂಕ ಕೊಡಬೇಕು, ಚರ್ಚಿಸಬೇಕು, ಮತ್ತೆ ಅಂಕ ಕೊಡಬೇಕು. ಗುಂಪಿನಲ್ಲಿ ಆರೇಳು ಜನರಿಗಿಂತ ಹೆಚ್ಚಾದರೆ ಹಿರಿಯರಷ್ಟೇ ಮಾತನಾಡುತ್ತಾರೆ. ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ. ಯಾವ ಹೇಳಿಕೆಯಲ್ಲಿ ಅಂಕಗಳು ದೂರದೂರ ಬಿದ್ದಿವೆ ಎಂದು ಗುರುತು ಹಾಕಿಕೊಳ್ಳಿ. ಎರಡನೆಯ ದಿನ ಅದೇ ಗುಂಪುಗಳು ಸೇರಿ ಒಂದು ಸಂಶೋಧನಾ ಪ್ರಶ್ನೆ, ಅದರ ಘಟಕ, ಯಾವ ತಿಂಗಳು ಯಾರು ಏನು ಅಳೆಯುವರು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಒಂದೇ ಪುಟದಲ್ಲಿ ಬರೆದು ಸಹಿ ಹಾಕಲಿ.