ಮನವಿ ಕೊಟ್ಟಾಯಿತು, ಉತ್ತರ ಮರಳಿ ಬರುವುದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಯುವಕ ಮಂಡಲದ ಕಾರ್ಯದರ್ಶಿ. ನಮ್ಮ ಹೋಬಳಿಯಲ್ಲಿ ಐದು ಯುವಕ ಮಂಡಲಗಳು, ಎರಡು ಯುವತಿ ಮಂಡಲಗಳು, ಒಂದು ಹವ್ಯಾಸಿ ನಾಟಕ ತಂಡ ಮತ್ತು ಕಾಲೇಜಿನ ಎನ್‌ಎಸ್‌ಎಸ್ ಘಟಕ ಇವೆ. ಸಂಜೆಯ ಬಸ್ಸು, ಕಾಲುಸಂಕ, ಮೊಬೈಲ್ ಸಿಗ್ನಲ್ ಎಂದು ಎಲ್ಲರೂ ಬೇರೆ ಬೇರೆಯಾಗಿ ಮನವಿ ಕೊಡುತ್ತೇವೆ. ಸ್ವೀಕೃತಿಯ ಮುದ್ರೆಯ ಆಚೆಗೆ ಏನೂ ಆಗುವುದಿಲ್ಲ. ಒಕ್ಕೂಟ ಕಟ್ಟುವ ಮಾತು ನಡೆದಿದೆ. ಆದರೆ ಅದು ಹಿರಿಯರ ಮತ್ತೊಂದು ವೇದಿಕೆಯಾಗಿ, ಹುಡುಗಿಯರೂ ಶಾಲಾ ಮಕ್ಕಳೂ ಹಿಂದೆಯೇ ಉಳಿಯುತ್ತಾರೆಂಬ ಆತಂಕವಿದೆ. ಹೇಗೆ ಮುಂದುವರಿಯಬೇಕು?

ಉತ್ತರ: ನಿಮ್ಮ ಆತಂಕ ಸರಿಯಾದದ್ದು. ಒಕ್ಕೂಟವೆಂದರೆ ಮೊದಲು ಅಧ್ಯಕ್ಷರ ಆಯ್ಕೆ, ಬೈಲಾ, ಲೆಟರ್‌ಹೆಡ್ ಎಂದು ಹೊರಟ ಕಡೆಗಳಲ್ಲಿ ಉತ್ಸಾಹವೆಲ್ಲ ಹುದ್ದೆ ಹಂಚುವುದರಲ್ಲೇ ಮುಗಿದುಹೋಗುತ್ತದೆ. ಸದ್ಯಕ್ಕೆ ನೋಂದಣಿಯನ್ನು ಬದಿಗಿಟ್ಟು, ಒಂದು ಸಂಘಕ್ಕೆ ಇನ್ನೊಂದು ಸಂಘ ಬೇಕೇ ಬೇಕಾಗುವಂಥ ಒಂದೇ ವಿಷಯವನ್ನು ಆರಿಸಿಕೊಳ್ಳಿ. ನೀವು ಹೇಳಿದ ಮೂರರಲ್ಲಿ ನಾನಾದರೆ ಸಂಜೆಯ ಬಸ್ಸನ್ನು ಆರಿಸುತ್ತೇನೆ.

ಕಾರಣ ಹೇಳುತ್ತೇನೆ. ಕಾಲುಸಂಕ ಸಾಮಾನ್ಯವಾಗಿ ಒಂದೇ ಪಂಚಾಯಿತಿಯ ಗಡಿಯೊಳಗಿನ ಕೆಲಸ. ಆ ಊರಿನವರೇ ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಂಡರೆ ಬೆನ್ನು ಹತ್ತಲು ಒಂದು ದಾರಿ ಸಿಗುತ್ತದೆ. ಸಿಗ್ನಲ್ ವಿಷಯದ ನಿರ್ಧಾರ ಜಿಲ್ಲೆಯ ಹೊರಗೆ ಆಗುತ್ತದೆ. ಕೊರೊನಾ ಕಾಲದಲ್ಲಿ ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳಿದ ಮಲೆನಾಡಿನ ವಿದ್ಯಾರ್ಥಿಗಳ ಕಷ್ಟ ದೊಡ್ಡ ಸುದ್ದಿಯಾದದ್ದು, ಹಲವು ಹಳ್ಳಿಗಳು ಕೂಡಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ’ ಎಂದು ನಿಂತಾಗ ಎಂಬುದು ನಿಮಗೆ ನೆನಪಿರಬಹುದು. ಬಸ್ಸಿನ ಸಂಗತಿ ಬೇರೆ. ಅದು ನಾಲ್ಕೈದು ಪಂಚಾಯಿತಿಗಳನ್ನು ದಾಟಿ ಬರುವುದರಿಂದ ಯಾವ ಒಂದು ಊರಿನ ಮನವಿಯೂ ಅದರ ವೇಳೆಯನ್ನು ಬದಲಿಸಲಾರದು. ಕೆಎಸ್‌ಆರ್‌ಟಿಸಿ ಬಸ್ಸಾದರೆ ಮಾತು ಘಟಕ ವ್ಯವಸ್ಥಾಪಕರಿಗೂ ವಿಭಾಗೀಯ ಕಚೇರಿಗೂ ಹೋಗಬೇಕು. ಖಾಸಗಿ ಬಸ್ಸಾದರೆ ಪರವಾನಗಿಯ ವಿಷಯ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಬರುತ್ತದೆ. ಆ ದಾರಿಯ ಎಲ್ಲ ಊರುಗಳೂ ಒಂದೇ ಕಾಗದದಲ್ಲಿ ಕಾಣಿಸಿಕೊಂಡರೆ ಅದಕ್ಕೆ ತೂಕ ಬರುತ್ತದೆ.

ಕೆಲಸ ಹಂಚಿಕೊಳ್ಳುವಾಗ ಪ್ರತಿ ಸಂಘವೂ ತನಗೆ ಒಗ್ಗಿದ್ದನ್ನೇ ಮಾಡಲಿ. ಎಷ್ಟು ವಿದ್ಯಾರ್ಥಿಗಳು ಯಾವ ನಿಲ್ದಾಣದಲ್ಲಿ ಇಳಿಯುತ್ತಾರೆ, ತರಗತಿ ಮುಗಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಇಳಿದ ಮೇಲೆ ಕಾಡುದಾರಿಯಲ್ಲಿ ಎಷ್ಟು ದೂರ ನಡೆಯುತ್ತಾರೆ, ಇದೇ ಕಾರಣಕ್ಕೆ ಓದು ಬಿಟ್ಟವರು ಇದ್ದಾರೆಯೇ ಎಂಬುದನ್ನು ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದುಕೊಳ್ಳಬಹುದು. ಏಳು ದಿನಗಳ ವಾರ್ಷಿಕ ಶಿಬಿರ ಇಂಥ ಕೆಲಸಕ್ಕೆ ಒಳ್ಳೆಯ ಸಂದರ್ಭ. ನಾಟಕ ತಂಡವನ್ನು ಸಮಾರಂಭದ ಅಲಂಕಾರಕ್ಕೆ ಬಳಸಬೇಡಿ. ಸಭೆಯಲ್ಲಿ ಬಾಯಿ ಬಿಡದ ಮಕ್ಕಳು ಅಭಿನಯದಲ್ಲಿ ಎಷ್ಟೋ ಹೇಳುತ್ತಾರೆ. 1949ರಿಂದ ಹೆಗ್ಗೋಡಿನಲ್ಲಿ ನೀನಾಸಮ್ ರಂಗಭೂಮಿಯನ್ನು ಬೆಳೆಸುತ್ತ ಬಂದ ಜಿಲ್ಲೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ದನಿಯ ಪ್ರಶ್ನೆ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲುಂಡಿ 2007ರಲ್ಲಿ ಮಕ್ಕಳ ಸಹಭಾಗಿತ್ವಕ್ಕೆ ನಾಲ್ಕು ಅಂಶಗಳನ್ನು ಗುರುತಿಸಿದರು: ಮಾತನಾಡಲು ಜಾಗ, ಮಾತಿಗೆ ನೆರವು, ಕೇಳುವ ಹೊಣೆಯುಳ್ಳವರು, ಮತ್ತು ಆ ಮಾತಿನಿಂದ ನಿರ್ಧಾರದ ಮೇಲೆ ಆಗುವ ಪರಿಣಾಮ. ನಮ್ಮಲ್ಲಿ ಮೊದಲ ಎರಡಕ್ಕೆ ಭಾಷಣ ಸ್ಪರ್ಧೆಯಿಂದ ಯುವಜನೋತ್ಸವದವರೆಗೆ ಅವಕಾಶಗಳಿವೆ. ಕೊನೆಯ ಎರಡು ಮಾತ್ರ ಕಾಣುವುದಿಲ್ಲ. ನಿಮ್ಮ ಒಕ್ಕೂಟ ಹುಟ್ಟಬೇಕಾದದ್ದು ಆ ಎರಡರ ಸಲುವಾಗಿ. ಹುಡುಗರ ಪರವಾಗಿ ಇನ್ನೊಬ್ಬರು ಮಾತನಾಡುವುದರಿಂದ ಅವರ ದನಿ ದೊಡ್ಡದಾಗುವುದಿಲ್ಲ. ಬಸ್ಸಿಗೆ ಕಾಯುವ ವಿದ್ಯಾರ್ಥಿನಿಯೇ ಅಧಿಕಾರಿಯ ಮುಂದೆ ಕುಳಿತು ಹೇಳಬೇಕು. ಅವಳು ಹೇಳುವಂತೆ ತಯಾರಿ ಮಾಡಿಸುವುದು, ಅಧಿಕಾರಿ ಸಮಯ ಕೊಡುವಂತೆ ನೋಡಿಕೊಳ್ಳುವುದು ನಿಮ್ಮಂಥವರ ಕೆಲಸ.

ಇಂಗ್ಲೆಂಡಿನ ಪ್ರಾದೇಶಿಕ ಯುವಕಾರ್ಯ ಘಟಕಗಳು ಇದೇ ಬಗೆಯಲ್ಲಿ ದುಡಿಯುತ್ತವೆ. ಅವು ಊರಿನ ಸಂಘಗಳ ಜಾಗವನ್ನು ಕಸಿಯದೆ, ಕಾರ್ಯಕರ್ತರಿಗೆ ತರಬೇತಿ ಕೊಡುತ್ತ, ಸ್ಥಳೀಯ ಅನುಭವವನ್ನು ಮೇಲಿನವರಿಗೆ ಮುಟ್ಟಿಸುತ್ತವೆ. 2010ರ ನಂತರ ಅಲ್ಲಿನ ಸ್ಥಳೀಯ ಆಡಳಿತಗಳು ಯುವಸೇವೆಯ ಹಣವನ್ನು ತೀವ್ರವಾಗಿ ಕಡಿತಗೊಳಿಸಿದ ಮೇಲೆ ಇಂಥ ಕೂಡುಕೆಲಸದ ಅಗತ್ಯ ಇನ್ನಷ್ಟು ಹೆಚ್ಚಿತು. ಬ್ರಿಟನ್ನಿನ ಯುವ ಸಂಸತ್ತಿನ 11ರಿಂದ 18 ವರ್ಷದ ಸದಸ್ಯರು 2009ರಲ್ಲಿ ಮೊದಲ ಬಾರಿಗೆ ಹೌಸ್ ಆಫ್ ಕಾಮನ್ಸ್ ಸಭಾಂಗಣದಲ್ಲೇ ಕುಳಿತು ಚರ್ಚಿಸಿದರು.

ಹದಿನೆಂಟು ತುಂಬದವರಿಗೆ ಗ್ರಾಮ ಸಭೆಯಲ್ಲಿ ಸದಸ್ಯತ್ವವಿಲ್ಲದಿದ್ದರೂ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆ ಇದೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಮಕ್ಕಳ ಅಭಿಪ್ರಾಯ ಕೇಳಬೇಕೆನ್ನುತ್ತದೆ. ಬಸ್ಸಿನ ಮಾತು ಆ ದಾರಿಯ ಎಲ್ಲ ಪಂಚಾಯಿತಿಗಳ ಮಕ್ಕಳ ಗ್ರಾಮ ಸಭೆಯಲ್ಲೂ ದಾಖಲಾಗಲಿ. ರಾಷ್ಟ್ರೀಯ ಯುವ ನೀತಿ 2014 ಯುವಜನರೆಂದು ಗುರುತಿಸುವುದು 15ರಿಂದ 29 ವರ್ಷದವರನ್ನು. ಒಕ್ಕೂಟದ ಹೊಣೆಗಳೂ ಆ ವಯಸ್ಸಿನವರಲ್ಲೇ ಇರಲಿ, ನಲವತ್ತು ದಾಟಿದವರು ಸಲಹೆಗಾರರಾಗಿರಲಿ ಎಂದು ಬೇಸರವಿಲ್ಲದೆ ಹೇಳಿಬಿಡಿ. ಬೆಂಗಳೂರಿನಲ್ಲಿ ದುಡಿಯುತ್ತ ವಾಟ್ಸ್‌ಆ್ಯಪ್ ಗುಂಪು ನಡೆಸುವವರ ನೆರವು ಬೇಕು, ಆದರೆ ತೀರ್ಮಾನ ದಿನವೂ ಆ ದಾರಿಯಲ್ಲಿ ಓಡಾಡುವವರದ್ದಾಗಿರಲಿ. ಸಭೆಯನ್ನು ನಾಟಿಯ ದಿನಗಳಲ್ಲೂ ಅಡಿಕೆಯ ಕೊನೆ ಕೊಯ್ಲಿನಲ್ಲೂ ಇಡಬೇಡಿ. ಸಂಜೆ ಆರಕ್ಕೆ ಕರೆದ ಸಭೆಗೆ ಹುಡುಗಿಯರು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ರಜಾ ದಿನದ ಬೆಳಿಗ್ಗೆ, ಬಸ್ಸು ನಿಲ್ಲುವ ಜಾಗದ ಶಾಲೆಯಲ್ಲಿ, ಪ್ರತಿ ಬಾರಿ ಬೇರೆ ಊರಿನಲ್ಲಿ ಕೂಡಿ. ಮಕ್ಕಳ ಫೋಟೊ ಹಂಚುವ ಮುನ್ನ ಪೋಷಕರನ್ನೂ ಮಕ್ಕಳನ್ನೂ ಕೇಳಿ.

ಮನವಿ ಕೊಟ್ಟ ದಿನವೇ ಮುಂದಿನ ಸಭೆಯ ದಿನಾಂಕವನ್ನು ಎಲ್ಲ ಊರುಗಳಿಗೂ ತಿಳಿಸಿ. ಕಚೇರಿ ಸುಮ್ಮನಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ, ಮನವಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳನ್ನು ಕೇಳಿ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ. ಬಂದ ಉತ್ತರ ‘ಆಗುವುದಿಲ್ಲ’ ಎಂದಾಗಿದ್ದರೂ ಅದನ್ನು ಮುಚ್ಚಿಡದೆ, ಸಮೀಕ್ಷೆಯಲ್ಲಿ ಮಾತನಾಡಿದ ಹುಡುಗ ಹುಡುಗಿಯರ ಮುಂದೆ ಓದಿ ಹೇಳಿ, ಮುಂದೇನೆಂದು ಅವರನ್ನೇ ಕೇಳಿ. ನೋಂದಣಿಯ ಮಾತನ್ನು ಆ ಸಭೆಯಾದ ಮೇಲೆ ಎತ್ತಬಹುದು.